ಬಸವನಹುಳದ ಲೋಟ

"ನಲ್ಲಿ ರಿಪೇರಿಯವರು ತಾನೆ? ನಾಲ್ಕು ದಿನದಿಂದ ಕಾಯ್ತಿದೀನಿ. ಬನ್ನಿ ಬನ್ನಿ, ಚಪ್ಪಲಿ ಹೊರಗೆ!"

ಅವನು ಬಾಯಿ ತೆರೆಯುವ ಮೊದಲೇ ಸ್ಪ್ಯಾನರ್ ಅವನ ಕೈಗೆ ಬಂದಿತ್ತು. ಕೊಟ್ಟವಳ ಕೆನ್ನೆಯ ಮೇಲೆ ನೀಲಿ ಬಣ್ಣದ ಗೆರೆ. ಎಡಗೈಯ ಬೆರಳಿಗೆ ಜೋತುಬಿದ್ದ ಇಬ್ಬರು ಮಕ್ಕಳು. ಅವನು ತಿರುಪು ಬಿಗಿ ಮಾಡಿ, ನೀರು ತೊಟ್ಟಿಕ್ಕುವುದು ನಿಂತ ಮೇಲೆ ಗುರುತಿನ ಚೀಟಿ ತೋರಿಸಿದ.

ಟೀಚರ್ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ತಪಾಸಣೆಯವರಾ! ಮೊದಲೇ ಹೇಳಬಾರದಿತ್ತೇನ್ರಿ?"

"ನೀವು ಹೇಳೋಕೆ ಬಿಟ್ಟರೆ ತಾನೆ?"

ಅವಳು ನಕ್ಕಳು. ಆದರೆ ನಗು ಕಣ್ಣಿನವರೆಗೆ ಹೋಗಲಿಲ್ಲ. ಅವನು ಬಂದದ್ದು ಏಕೆಂದು ಅವಳಿಗೆ ಗೊತ್ತಿತ್ತು. ಮೂರು ದಿನ ಎಣಿಸಬೇಕು. ಮೂರನೆಯ ದಿನ ಇಪ್ಪತ್ತು ಮಕ್ಕಳಿಲ್ಲದಿದ್ದರೆ ಶಿಶುಕೇಂದ್ರಕ್ಕೆ ಬೀಗ. ಹಾಜರಿ ಪುಸ್ತಕದಲ್ಲಿದ್ದದ್ದು ಹತ್ತೊಂಬತ್ತು.

ಗೋಡೆಯಲ್ಲಿ ಮಕ್ಕಳ ಲೋಟಗಳು ತೂಗುತ್ತಿದ್ದವು. ಓದಲು ಬಾರದ ಮಕ್ಕಳಿಗೆಂದು ಒಂದೊಂದರ ಮೇಲೂ ಒಂದೊಂದು ಚಿತ್ರ: ಮೀನು, ಕೊಡೆ, ಇರುವೆ. ಕೊನೆಯ ಕೊಕ್ಕೆಯಲ್ಲಿ ಬಸವನಹುಳ.

"ಅದು ಯಾರದ್ದು?"

"ಇನ್ನೂ ಬಂದಿಲ್ಲ. ನಿಧಾನವಾಗಿ ಬರೋ ಮಗು, ಅದಕ್ಕೇ ಬಸವನಹುಳ."

ಮಧ್ಯಾಹ್ನ ಮಕ್ಕಳು ತಲೆತುಂಬ ಹೊದ್ದು ಮಲಗಿದರು. ಅವನು ಬಾಗಿಲಲ್ಲಿ ನಿಂತು ಎಣಿಸಿದ. "ಇಪ್ಪತ್ತು."

"ಹತ್ತೊಂಬತ್ತು," ಎಂದಳು ಟೀಚರ್.

ಮತ್ತೆ ಎಣಿಸಿದ. ಹತ್ತೊಂಬತ್ತೇ. ಕೊನೆಯ ಚಾಪೆ ಖಾಲಿ.

"ನಿಮ್ಮ ಕಣ್ಣು ಎಲ್ಲಿತ್ತೋ!" ಎಂದು ಅವಳು ಓರೆನೋಟ ಬೀರಿದಳು. ಅವನ ಕಿವಿ ಕೆಂಪಾಯಿತು. ಅಷ್ಟರಲ್ಲಿ ಒಣಗಿದ ಕೋಣೆಯಲ್ಲಿ ಬಸವನಹುಳದ ಲೋಟದಿಂದ ಒಂದು ಹನಿ ನೀರು ಬಿತ್ತು.

ಎರಡನೆಯ ದಿನ ಅವನು ಬರುತ್ತಲೇ ಮಕ್ಕಳು "ಎಣಿಕೆ ಮಾಮ ಬಂದ!" ಎಂದು ಕೂಗಿಕೊಂಡರು. ಮಧ್ಯಾಹ್ನ ಟೀಚರ್ ತನ್ನ ಪದ್ಧತಿ ಹೇಳಿಕೊಟ್ಟಳು. "ಕಣ್ಣಲ್ಲಿ ಎಣಿಸಬೇಡಿ. ಪಾದ ಮುಟ್ಟಿ ಎಣಿಸಿ. ಜ್ವರ ಬಂದಿದ್ದರೂ ಗೊತ್ತಾಗುತ್ತೆ."

ಅವನು ಮಂಡಿಯೂರಿ ಸಾಲಿನುದ್ದಕ್ಕೂ ಹೋದ. ಬಿಸಿ ಪಾದ, ಮಣ್ಣಿನ ಪಾದ, ಕಚಗುಳಿಗೆ ಒದೆಯುವ ಪಾದ. ಹತ್ತೊಂಬತ್ತು ಆದ ಮೇಲೂ ಅಭ್ಯಾಸದಿಂದ ಕೈ ಮುಂದೆ ಹೋಯಿತು. ಇಪ್ಪತ್ತನೆಯ ಪಾದ ಕೈಗೆ ಸಿಕ್ಕಿತು. ಒದ್ದೆಯಾಗಿತ್ತು, ಮಂಜುಗಡ್ಡೆಯಂತೆ ತಣ್ಣಗಿತ್ತು.

ಹೊದಿಕೆ ಸರಿಸಿದ. ಯಾರೂ ಇಲ್ಲ.

"ಹೆದರಬೇಡಪ್ಪ," ಎಂದಳು ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ಆಯಾ. "ಅವಳು ನನ್ನ ಮಗಳು."

ದೇವರ ಮುಂದೆ ಮಾತಾಡುವಷ್ಟು ಮೆಲ್ಲಗೆ ಅವಳು ಹೇಳಿದಳು. ಈ ಕಟ್ಟಡ ಏಳುವಾಗ ಕಲ್ಲು ಹೊರುತ್ತಿದ್ದವಳು ತಾನೇ. ನೋಡಿಕೊಳ್ಳುವವರಿಲ್ಲದೆ ಮಗುವನ್ನು ಕಲ್ಲುರಾಶಿಯ ನೆರಳಲ್ಲಿ ಮಲಗಿಸಿದ್ದಳು. ಮಗು ಬಾಯಾರಿ ಎದ್ದು ನೀರು ಹುಡುಕಿಕೊಂಡು ಹೋಯಿತು. ಪಾಯದ ಗುಂಡಿಯಲ್ಲಿ ನೀರಿತ್ತು.

"ಆಮೇಲೆ ಬೇರೆಯವರ ಕೂಸುಗಳಿಗೆ ಚಾಪೆ ಹಾಸೋಕೆ ಶುರು ಮಾಡಿದೆ. ಯಾವಾಗಲೂ ಒಂದು ಜಾಸ್ತಿ. ಬರ್ತಾಳೆ, ಮಲಗ್ತಾಳೆ, ಹೋಗ್ತಾಳೆ. ಯಾರಿಗೂ ತೊಂದರೆ ಕೊಡಲ್ಲ."

ಸಂಜೆ ಅಂಗಳದಲ್ಲಿ ಅವನು ಟೀಚರಿಗೆ ಹೇಳಿದ: "ಇಪ್ಪತ್ತು ಅಂತ ಬರೀತೀನಿ. ನನ್ನ ಕೈಯಾರೆ ಮುಟ್ಟಿದ್ದೀನಲ್ಲ."

"ಬೇಡ," ಎಂದಳು. ಅವಳ ಕಣ್ಣು ತುಂಬಿತ್ತು. "ಇಲ್ಲಿ ಹಾಡು ಕಲಿತ ಮಗು ಶಾಲೆಗೆ ಹೋಗುತ್ತೆ. ಕಲ್ಲುರಾಶಿ ಹತ್ತಿರ ಕೂತ ಮಗು ಏಳನೇ ವರ್ಷಕ್ಕೆ ಬುಟ್ಟಿ ಹೊರುತ್ತೆ. ಇದು ಉಳೀಬೇಕು ಅಂತ ನನಗೆ ನಿಮಗಿಂತ ಹೆಚ್ಚು ಆಸೆ ಇದೆ. ಆದರೆ ಸತ್ತ ಕೂಸಿನ ಹೆಸರಲ್ಲಿ ಸುಳ್ಳು ಬರೆಯೋಕೆ ನಾನು ಬಿಡಲ್ಲ."

ಆ ಕ್ಷಣ ಅವನಿಗೆ ತಿಳಿಯಿತು: ಇನ್ನು ಈ ಹೆಣ್ಣಿನ ಮುಖ ನೋಡದೆ ತನಗೆ ದಿನ ಕಳೆಯುವುದಿಲ್ಲ.

ಮೂರನೆಯ ದಿನ ಮಧ್ಯಾಹ್ನ ಕೊನೆಯ ಕೊಕ್ಕೆ ಬರಿದಾಗಿತ್ತು.

"ಲೋಟ ಎಲ್ಲಿ?" ಟೀಚರ್ ಪಿಸುಗುಟ್ಟಿದಳು. ಅವನು ನೆಲ ತೋರಿಸಿದ. ಖಾಲಿ ಚಾಪೆಯಿಂದ ನಲ್ಲಿಗೆ, ನಲ್ಲಿಯಿಂದ ಬಾಗಿಲಿಗೆ, ಅಂಗೈ ಅಗಲದ ಒದ್ದೆ ಹೆಜ್ಜೆಗಳು. ಉರಿಬಿಸಿಲಲ್ಲೂ ಆರದೆ ಅವು ಬೀದಿಗೆ ಇಳಿದಿದ್ದವು.

ಮಕ್ಕಳನ್ನು ಆಯಾಳಿಗೆ ಒಪ್ಪಿಸಿ ಇಬ್ಬರೂ ಹಿಂಬಾಲಿಸಿದರು. ಯಾವಾಗ ಕೈ ಕೈ ಹಿಡಿದರೋ ಇಬ್ಬರಿಗೂ ಗೊತ್ತಿಲ್ಲ. ಬೀದಿಯ ಕೊನೆಯಲ್ಲಿ ಏಳುತ್ತಿದ್ದ ಹೊಸ ಕಟ್ಟಡದ ಹಿಂದೆ, ತಗಡಿನ ಶೆಡ್ಡಿನ ಮುಂದೆ ಹೆಜ್ಜೆಗಳು ನಿಂತವು. ಬಾಗಿಲಿಗೆ ಬೀಗ. ಒಳಗೆ ಸಣ್ಣ ಉಸಿರು.

ಅವನು ಬೀಗ ಒಡೆದ. ಕಾದ ತಗಡಿನ ಕೆಳಗೆ ಮೂರು ವರ್ಷದ ಹೆಣ್ಣು ಮಗುವೊಂದು ಬೆವರಿ ಬಾಡಿ ಕೂತಿತ್ತು. ಎದೆಗೆ ಅವುಚಿಕೊಂಡಿದ್ದದ್ದು ಬಸವನಹುಳದ ಲೋಟ.

ಟೀಚರ್ ಮಗುವನ್ನು ಎತ್ತಿಕೊಂಡಳು. "ನೀರು ಯಾರು ಕೊಟ್ರು ಕಂದಾ?"

"ಅಕ್ಕ."

"ಯಾವ ಅಕ್ಕ?"

ಮಗು ಅವರಿಬ್ಬರ ಹಿಂದೆ, ಯಾರೂ ಇಲ್ಲದ ಕಡೆ ಬೆರಳು ತೋರಿಸಿ ನಕ್ಕಿತು.

ಗಾರೆ ಮೆತ್ತಿದ ಕೈಯಲ್ಲೇ ತಾಯಿ ಓಡಿಬಂದಳು. "ಹೊಡೀಬೇಡಿ ಸ್ವಾಮಿ! ಬೀಗ ಹಾಕದೆ ಎಲ್ಲಿ ಬಿಡಲಿ? ಗುಂಡಿಗಳಿವೆ ಇಲ್ಲಿ."

"ನಮ್ಮಲ್ಲಿ ಬಿಡು ತಾಯಿ," ಎಂದಳು ಟೀಚರ್. "ದುಡ್ಡು ಕೊಡಬೇಕಾಗಿಲ್ಲ. ಊಟ ಇದೆ, ಹಾಡಿದೆ. ಮಲಗೋಕೆ ಚಾಪೆ ಹಾಸಿಯೇ ಇದೆ."

ಅಂದು ಅವನು ಇಪ್ಪತ್ತು ಎಂದು ಬರೆದ.

"ಇನ್ನು ಎಣಿಸೋಕೆ ಬರಲ್ಲ ಅಲ್ವಾ?" ಅವಳು ಲೋಟ ತೊಳೆಯುತ್ತಾ, ಅವನತ್ತ ನೋಡದೆ ಕೇಳಿದಳು.

"ಮೊದಲ ದಿನ ಕೇಳಿದಿರಲ್ಲ, ಕಣ್ಣು ಎಲ್ಲಿತ್ತು ಅಂತ. ನಿಮ್ಮ ಕೆನ್ನೆ ಮೇಲಿನ ನೀಲಿ ಗೆರೆ ಮೇಲಿತ್ತು. ಅದು ಇನ್ನೂ ಅಲ್ಲೇ ಇದೆ."

ಅವಳು ತಕ್ಷಣ ಕೆನ್ನೆ ಒರೆಸಿಕೊಂಡಳು. "ಗೆರೆಯಾ? ಅದು ಅವತ್ತೇ ಹೋಯ್ತಲ್ಲ!"

"ನಾನು ಹೇಳಿದ್ದು ಕಣ್ಣಿನ ಬಗ್ಗೆ."

ಅವಳು ನಕ್ಕಳು. ಈ ಸಲ ಕಣ್ಣಿನವರೆಗೂ. "ಹಾಗಾದ್ರೆ ನಾಳೆ ಬನ್ನಿ. ನಲ್ಲಿ ಮತ್ತೆ ಸೋರ್ತಿದೆ."

ಮರುದಿನ ಮಧ್ಯಾಹ್ನ ಬಸವನಹುಳದ ಮಗು ಇಪ್ಪತ್ತನೆಯ ಚಾಪೆಯ ಮೇಲೆ ಬೆರಳು ಚೀಪುತ್ತಾ ನಿದ್ದೆ ಹೋಯಿತು. ಆಯಾ ಸಾಲಿನ ನಡುವೆ ಜಾಗ ಮಾಡಿ ಇನ್ನೊಂದು ಚಾಪೆ ಬಿಡಿಸಿದಳು.

"ಇಪ್ಪತ್ತಾಯ್ತಲ್ಲ ಅಜ್ಜಿ?" ಎಂದಳು ಟೀಚರ್.

"ಇರಲಿ ಮಗಳೇ. ಇನ್ನೆಲ್ಲಿ ಯಾವ ಕೂಸು ಬೀಗದೊಳಗಿದೆಯೋ! ಹುಡುಕಿ ದಣಿದು ಬರ್ತಾಳೆ."

ಅವನು ಒಂದು ತುದಿಯಿಂದ, ಟೀಚರ್ ಇನ್ನೊಂದು ತುದಿಯಿಂದ ಪಾದ ಮುಟ್ಟುತ್ತಾ ಬಂದರು. ನಡುವಿನ ಖಾಲಿ ಚಾಪೆಯ ಮೇಲೆ ಇಬ್ಬರ ಕೈಗಳೂ ಸೇರಿದವು. ಎರಡು ಅಂಗೈಗಳ ನಡುವೆ ಒಂದು ಪುಟ್ಟ ಪಾದವಿತ್ತು.

ಇಂದು ಅದು ಬೆಚ್ಚಗಿತ್ತು. ಇಬ್ಬರೂ ಕೈ ತೆಗೆಯಲಿಲ್ಲ.