ಏಳನೇ ಯಂತ್ರದ ಕೆಳಗಿನ ಪುಡಿ

ಮಿಸಿಸಿಪಿ ದಂಡೆಯ ನಮ್ಮೂರಲ್ಲಿ ಒಂದು ಕಾಲಕ್ಕೆ ನದಿಯ ಕಪ್ಪೆಚಿಪ್ಪು ಕೊರೆದು ಅಂಗಿಯ ಗುಂಡಿ ಮಾಡುತ್ತಿದ್ದರು. ಆ ಕಾರ್ಖಾನೆ ಈಗ ವಸ್ತುಸಂಗ್ರಹಾಲಯ, ಗುಡಿಸುವವನು ನಾನು. ಚಿಪ್ಪು ಕೊರೆಯುವ ಏಳನೇ ಯಂತ್ರದ ಕೆಳಗೆ ಎಷ್ಟು ಗುಡಿಸಿದರೂ ಅರ್ಧ ಗಂಟೆಗೆ ಮತ್ತೆ ಬಿಳಿ ಪುಡಿ, ಅದೂ ಹಿಂದೆ ನೀರು ಬಿಟ್ಟು ಕೊರೆಯುವಾಗ ಬೀಳುತ್ತಿದ್ದ ಹಾಗೆ ಒದ್ದೆ.

“ಕ್ಲೆಮ್, ನಿನ್ ಕೈಲಿ ಇನ್ನಾಗಲ್ಲ. ಬೀಗದ ಕೈ ಕೊಟ್ಬಿಡು,” ಎಂದಳು ಸಂಗ್ರಹಾಲಯ ಸಮಿತಿಯ ವರ್ಲಾ.

ರೇಗಿಹೋಗಿ ಅವಳೆದುರೇ ಗುಡಿಸಿ ಬೀಗ ಹಾಕಿದೆ. ಇಬ್ಬರೂ ಮೆಟ್ಟಿಲ ಮೇಲೆ ಕಾಫಿ ಕುಡಿದು ಬಂದು ತೆರೆದರೆ, ಮತ್ತೆ ಪುಡಿ.

“ಇದನ್ನ ತಿರುಗಿಸೋ ಬೆಲ್ಟು ಕಿತ್ತು ಐವತ್ತು ವರ್ಷ ಆಯ್ತಲ್ಲೋ,” ಅಂದಳು ಮೆಲ್ಲಗೆ.

ಯಂತ್ರದ ಮೇಲೆ ಬಂದವರು ನೋಡಲೆಂದು ಇಟ್ಟ ಚಿಪ್ಪಿನಲ್ಲಿ ಗುಂಡಿ ಕೊರೆದು ತೆಗೆದ ಐದು ತೂತು ಇದ್ದವು. ಶಾಲೆಯ ಮಕ್ಕಳಿಗೆ ನಾನೇ ಎಣಿಸಿ ತೋರಿಸುತ್ತಿದ್ದೆ. ಈಗ ಆರಿದ್ದವು. ಆರನೆಯದರ ಅಂಚು ಮುಟ್ಟಿದೆ. ಇನ್ನೂ ಬಿಸಿಯಿತ್ತು.