ಹಕ್ಕಳೆ ಉದುರಿದ ಮೇಲೆ

ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಎರಡೂ ಅಂಗೈಗಳಲ್ಲಿ ರಕ್ತವಿತ್ತು. ಅದು ಅವಳದಲ್ಲ ಎಂದು ಹೆಡ್ ಕಾನ್‌ಸ್ಟೆಬಲ್‌ಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಅಷ್ಟರಲ್ಲಿ ಅವರು ಗೋಡೆಯ ಕಡೆ ನೋಡಿ ಸಮಯ ಬರೆದುಕೊಂಡಾಗಿತ್ತು. ಮನೆಗೆ ಬೆಂಕಿ ಬಿದ್ದರೂ ಮೊದಲು ಗಂಟೆ ನೋಡುವ ಮನುಷ್ಯ ಎಂದು ಠಾಣೆಯಲ್ಲಿ ಎಲ್ಲರೂ ಅವರನ್ನು ಗಡಿಯಾರಣ್ಣ ಎನ್ನುತ್ತಿದ್ದರು.

"ನನ್ನ ತಮ್ಮ ಸಾರ್. ಅಂಗಡೀಲಿ ಬಿದ್ದಿದ್ದ. ತಲೆ ಒಡೆದುಬಿಟ್ಟಿದಾರೆ."

"ಈಗೆಲ್ಲಿದಾನೆ?"

"ಆಸ್ಪತ್ರೆಗೆ ಒಯ್ದರು. ಕಣ್ಣೇ ಬಿಡ್ತಿಲ್ಲ."

"ಏನು ಅಂಗಡಿ ಅಮ್ಮಾ ಅದು?"

"ಹಚ್ಚೆ ಹಾಕೋದು ಸಾರ್. ಟ್ಯಾಟೂ."

ಇನ್‌ಸ್ಪೆಕ್ಟರ್ ಒಳಗಿನಿಂದ ಬಂದು ಅವಳನ್ನು ಕೂರಿಸಿದರು. ದೂರು ಬರೆಸುವಾಗ ಅವಳು ಎರಡು ಸಲ ನಿಲ್ಲಿಸಿ ನೀರು ಕೇಳಿದಳು. ತಮ್ಮ ಒಂಬತ್ತಕ್ಕೆ ಅಂಗಡಿ ತೆರೆದು ಸೂಜಿ, ಯಂತ್ರ ಎಲ್ಲ ಶುದ್ಧ ಮಾಡಿಟ್ಟುಕೊಳ್ಳುತ್ತಾನೆ. ಹತ್ತರ ಹೊತ್ತಿಗೆ ಅವಳು ಚಹಾ ಒಯ್ಯುತ್ತಾಳೆ. ಇವತ್ತು ಬಾಗಿಲು ಅರ್ಧ ತೆರೆದಿತ್ತು. ಅವನು ಕುರ್ಚಿಯ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿದ್ದ. ಅವನಿಗೆ ಯಾರ ಮೇಲೂ ಹಗೆಯಿರಲಿಲ್ಲ. ನೋವಾಗುತ್ತೆ ಅಂತ ಹೆದರಿಕೊಂಡು ಬಂದವರನ್ನೂ ನಗಿಸಿ ಕಳಿಸುತ್ತಿದ್ದ. ಮಾರಣಾಂತಿಕ ಹಲ್ಲೆ ಎಂದು ಎಫ್‌ಐಆರ್ ದಾಖಲಾಯಿತು. ಅವನು ಉಳಿಯದಿದ್ದರೆ ಅದು ಕೊಲೆ ಪ್ರಕರಣವಾಗುತ್ತದೆ ಎಂಬುದನ್ನು ಅಕ್ಕನ ಮುಂದೆ ಯಾರೂ ಆಡಲಿಲ್ಲ.

ಅಂಗಡಿ ಒಂದೇ ಕೋಣೆಯದು. ಒರಗುವ ಕುರ್ಚಿ, ಚಕ್ರದ ಸ್ಟೂಲು, ಬಣ್ಣದ ಪುಟ್ಟ ಬಾಟಲಿಗಳ ಶೆಲ್ಫು. ನೆಲದ ಮೇಲೆ ಕಬ್ಬಿಣದ ಕಾಲಿನ ದೀಪ ಉರುಳಿತ್ತು; ಅದರ ಅಡಿಯ ಅಂಚಿಗೆ ರಕ್ತ, ಕೂದಲು. ಇಬ್ಬರು ಪಂಚರನ್ನು ಪಕ್ಕದ ಅಂಗಡಿಗಳಿಂದ ಕರೆದು ಪಂಚನಾಮೆ ಶುರುವಾಯಿತು. ಡ್ರಾಯರಿನಲ್ಲಿ ಹಣ ಹಾಗೇ ಇತ್ತು, ಮೊಬೈಲು ಮೇಜಿನ ಮೇಲೇ ಇತ್ತು.

"ಕಳ್ಳತನ ಅಲ್ಲ ಸಾರ್," ಅಂದರು ಗಡಿಯಾರಣ್ಣ.

"ಏನು ಅಲ್ಲ ಅನ್ನೋದು ಬೇಡ. ಏನಿದೆ ಅನ್ನೋದು ಬರೀರಿ."

ಕುರ್ಚಿಯ ಕೆಳಗೆ ಒಂದು ಮುಲಾಮಿನ ಟ್ಯೂಬ್ ಸಿಕ್ಕಿತು. ತುದಿಯಿಂದ ಒಂದೇ ಸಮನೆ ಸುರುಳಿ ಸುತ್ತಿ, ಒಂದು ಹನಿಯೂ ವ್ಯರ್ಥವಾಗದಂತೆ ಹಿಂಡಿದ ಟ್ಯೂಬ್. ಮಹಿಳಾ ಕಾನ್‌ಸ್ಟೆಬಲ್ ಅದನ್ನು ಕೈಗವಸಿನಲ್ಲಿ ಎತ್ತಿ ತಿರುಗಿಸಿ ನೋಡಿದಳು.

"ಇದು ಇಲ್ಲಿಂದಲೇ ಕೊಡೋದು ಸಾರ್. ಹಚ್ಚೆ ಹಾಕಿಸಿಕೊಂಡವರು ಮಾಯೋವರೆಗೂ ಹಚ್ಚಬೇಕು. ಹಕ್ಕಳೆ ಕಟ್ಟುತ್ತೆ, ಕೆರೆಯೋ ಹಾಗಿಲ್ಲ, ತಾನಾಗೇ ಉದುರಬೇಕು. ಅಷ್ಟು ಹೊತ್ತಿಗೆ ಟ್ಯೂಬೂ ಮುಗಿಯುತ್ತೆ."

"ನಿನಗೆ ಹೇಗೆ ಗೊತ್ತು?"

ಅವಳು ತೋಳನ್ನು ಸ್ವಲ್ಪ ಮೇಲೆತ್ತಿ ತೋರಿಸಿದಳು. ಮೊಣಕೈ ಹತ್ತಿರ ದಪ್ಪ ಹೊಟ್ಟೆಯ ಒಂದು ಮೀನು.

"ಇಷ್ಟು ದಪ್ಪ ಮೀನಾ?"

"ಕೆಳಗಡೆ ಬೇರೆ ಏನೋ ಇತ್ತು ಸಾರ್. ಮುಚ್ಚೋಕೆ ಅಷ್ಟು ದಪ್ಪ ಬೇಕಾಯ್ತು."

"ಏನಿತ್ತು?"

"ತನಿಖೆಗೆ ಬೇಕಾ ಸಾರ್?"

"ಬೇಡ," ಎಂದರು ಇನ್‌ಸ್ಪೆಕ್ಟರ್. ಗಡಿಯಾರಣ್ಣ ಮೀಸೆಯಡಿ ನಕ್ಕರು. ಆ ದಿನದಲ್ಲಿ ಅವರು ನಕ್ಕಿದ್ದು ಅದೊಂದೇ ಸಲ.

ಹಳೆಯ ಹಚ್ಚೆಗಳನ್ನು ಹೊಸದರಿಂದ ಮುಚ್ಚುವುದರಲ್ಲಿ ಈ ಕಲಾವಿದನ ಕೈ ಪಳಗಿತ್ತು. ಒಂದು ಗೋಡೆಯ ತುಂಬ ಅಂಥ ಕೆಲಸದ ಫೋಟೊಗಳು ಜೋಡಿ ಜೋಡಿಯಾಗಿ ಅಂಟಿದ್ದವು: ಎಡಕ್ಕೆ ಮುಚ್ಚುವ ಮುಂಚಿನದು, ಬಲಕ್ಕೆ ಮುಚ್ಚಿದ ಮೇಲಿನದು. ಬಿಟ್ಟು ಹೋದವರ ಹೆಸರುಗಳು ಗುಲಾಬಿಗಳಾಗಿದ್ದವು, ಹುಚ್ಚು ವಯಸ್ಸಿನ ತಲೆಬುರುಡೆಗಳು ಗೂಬೆಗಳಾಗಿದ್ದವು. ಮಹಿಳಾ ಕಾನ್‌ಸ್ಟೆಬಲ್ ಸಾಲು ಸಾಲಾಗಿ ನೋಡುತ್ತ ಹೋಗಿ ಕೆಳಗಿನ ಸಾಲಿನಲ್ಲಿ ನಿಂತಳು. ಅಲ್ಲಿ ಬಲಗಡೆಯ ಫೋಟೊ ಮಾತ್ರ ಇತ್ತು. ಎಡಗಡೆ ಅಂಟಿನ ಕಲೆಯೂ, ಹರಿದುಳಿದ ಬಿಳಿ ಮೂಲೆಯೂ ಇದ್ದವು.

ಉಳಿದ ಫೋಟೊದಲ್ಲಿ ಹೆಂಗಸಿನ ಎಡ ಮಣಿಕಟ್ಟು. ಅದರ ಮೇಲೆ ಒತ್ತೊತ್ತಾಗಿ ಕಪ್ಪು ಎಲೆಗಳ ಬಳ್ಳಿ. ಚರ್ಮ ಇನ್ನೂ ಕೆಂಪಗಿತ್ತು. ಮೇಲೆ ಸರಿಸಿದ ಅಂಗಿಯ ತೋಳಿನ ಅಂಚು ಹಸಿರು, ಅದಕ್ಕೆ ಎರಡು ಬಿಳಿ ಪಟ್ಟಿ.

"ಈ ಸಮವಸ್ತ್ರ ದೊಡ್ಡ ದಿನಸಿ ಮಳಿಗೆಯವರದು," ಎಂದಳು ಅವಳು. "ನಾನು ಅಲ್ಲೇ ಸಾಮಾನು ತರೋದು."

ಹಣ ಬಿಟ್ಟು, ಮೊಬೈಲು ಬಿಟ್ಟು, ಮುಚ್ಚಿಹೋದ ಒಂದು ಹಚ್ಚೆಯ ಫೋಟೊ ಮಾತ್ರ ಕಿತ್ತುಕೊಂಡು ಹೋಗುವವನಿಗೆ ಅದರಲ್ಲಿ ಏನಿತ್ತು? ಇನ್‌ಸ್ಪೆಕ್ಟರ್‌ಗೆ ಆಗ ತಲೆಬುಡ ತಿಳಿಯಲಿಲ್ಲ. ಆದರೆ ಹುಡುಕಬೇಕಾದ ಕೈ ಯಾವುದೆಂದು ಗೊತ್ತಾಗಿತ್ತು.

ಮಧ್ಯಾಹ್ನ ಹನ್ನೆರಡೂವರೆಗೆ ಮಳಿಗೆಯ ಮೂರನೇ ಬಿಲ್ ಕೌಂಟರಿನಲ್ಲಿ ಆ ಕೈ ಸಿಕ್ಕಿತು. ಸಾಬೂನು, ಬಿಸ್ಕತ್ತು, ಪೊರಕೆ ಎಂದು ಒಂದೊಂದಾಗಿ ಎತ್ತಿ ಯಂತ್ರಕ್ಕೆ ತೋರಿಸುತ್ತಿದ್ದ ಎಡಗೈ, ಮಣಿಕಟ್ಟಿನಲ್ಲಿ ಹೊಳೆಯುವ ಕಪ್ಪು ಬಳ್ಳಿ. ಪೊಲೀಸರನ್ನು ನೋಡಿ ಅವಳು ಅಂಗಿಯ ತೋಳನ್ನು ಕೆಳಗೆಳೆದುಕೊಂಡಳು. ಹಿಂದಿನ ಗೋದಾಮಿನಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ಮಾತಾಯಿತು.

"ಈ ಎಲೆ ಕೆಳಗೆ ಮೊದಲು ಏನಿತ್ತಮ್ಮಾ?" ಎಂದರು ಇನ್‌ಸ್ಪೆಕ್ಟರ್.

ಅವಳು ಇನ್ನೊಂದು ಕೈಯಿಂದ ಮಣಿಕಟ್ಟು ಮುಚ್ಚಿಕೊಂಡಳು.

"ಹಚ್ಚೆ ಹಾಕಿದವನು ಆಸ್ಪತ್ರೇಲಿದಾನೆ. ಉಳೀತಾನೋ ಇಲ್ಲವೋ ಗೊತ್ತಿಲ್ಲ."

ಅವಳು ಪೆಟ್ಟಿಗೆಯೊಂದರ ಮೇಲೆ ಕುಳಿತಳು. "ಅಯ್ಯೋ, ಹೋಗಿ ಮಾತಾಡ್ಕೊಂಡು ಬರ್ತೀನಿ ಅಂದ್ರಲ್ಲ ಅವರು."

"ಅವರು ಅಂದ್ರೆ?"

"ನಮ್ಮ ಯಜಮಾನರು."

ಮಹಿಳಾ ಕಾನ್‌ಸ್ಟೆಬಲ್ ಅವಳ ಪಕ್ಕದಲ್ಲಿ ಕುಳಿತಳು. ಆ ಹೆಂಗಸು ತಾನಾಗಿಯೇ ಹೇಳತೊಡಗಿದಳು. ಮೂರು ವರ್ಷದ ಹಿಂದೆ ಮಗಳು ಆಸ್ಪತ್ರೆಯಲ್ಲಿದ್ದಳು. ನಾಲ್ಕು ವರ್ಷದ ಮಗು. ಗಂಡ ಲಿಫ್ಟ್ ರಿಪೇರಿಯವನು. ಆವತ್ತು ಯಾವುದೋ ಕಟ್ಟಡದಲ್ಲಿ ಲಿಫ್ಟಿನೊಳಗೆ ಜನ ಸಿಕ್ಕಿಹಾಕಿಕೊಂಡಿದ್ದರು, ಬಿಟ್ಟು ಬರುವ ಹಾಗಿರಲಿಲ್ಲ. ಅಪ್ಪ ಎಲ್ಲಿ ಎಂದು ಮಗು ಕೇಳುತ್ತಲೇ ಇತ್ತು. ಕೊನೆಗೆ ನರ್ಸಿನ ಪೆನ್ನು ತೆಗೆದುಕೊಂಡು ತಾಯಿಯ ಮಣಿಕಟ್ಟಿನ ಮೇಲೆ ತಾನೇ ಅಪ್ಪನನ್ನು ಬರೆಯಿತು. ನಿಜವಾದ ಅಪ್ಪ ಬಂದಾಗ ಮಗು ಇರಲಿಲ್ಲ.

"ಎರಡು ದಿನ ಆ ಕೈಗೆ ನೀರು ಸೋಕಿಸಲಿಲ್ಲ ಮೇಡಂ. ಹಾಗೇ ಅವನ ಅಂಗಡಿಗೆ ಹೋದೆ. ಪೆನ್ನಿನ ಗೆರೆ ಮೇಲೇ ಸೂಜಿ ಓಡಿಸಿಕೊಟ್ಟ."

"ಮತ್ತೆ ಯಾಕೆ ಮುಚ್ಚಿಸಿದ್ರಿ ಅಕ್ಕಾ?"

"ಕೌಂಟರಲ್ಲಿ ದಿನಾ ಯಾರಾದ್ರೂ ಕೇಳ್ತಾರೆ. ಚೆನ್ನಾಗಿದೆ, ಮಗು ಬರೆದಿದ್ದಾ? ಎಷ್ಟನೇ ಕ್ಲಾಸು ಈಗ? ಅಂತ." ಅವಳು ಮೂಗು ಒರೆಸಿಕೊಂಡಳು. "ಅದನ್ನಾದ್ರೂ ತಡ್ಕೊಂಡೆ. ಮನೇಲಿ ಇವರು ಬಂದ ತಕ್ಷಣ ನನ್ನ ಕೈ ಹಿಡ್ಕೊಂಡು ಕೂರ್ತಾರೆ. ಮೂರು ವರ್ಷದಿಂದ ಅವರು ನನ್ನ ಮುಖ ನೋಡಿಲ್ಲ ಮೇಡಂ. ಕೈ ನೋಡ್ತಾರೆ."

ಮುಚ್ಚಿಸುತ್ತೇನೆ ಎಂದು ಗಂಡನಿಗೆ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ. ಗೆರೆ ಮಾಸಿದೆ, ಗಾಢ ಮಾಡಿಸಿ ಸುತ್ತ ನಾಲ್ಕು ಎಲೆ ಹಾಕಿಸುತ್ತೇನೆ ಎಂದಳು. ಅವನಿಗೆ ಎಲ್ಲಿಲ್ಲದ ಸಂತೋಷವಾಯಿತು. ಊತ ಇಳಿದರೆ ಗೆರೆ ಕಾಣುತ್ತದೆ ಎಂದುಕೊಂಡು ಆ ಊದಿದ ಕೈಯನ್ನು ಅವನೇ ತೊಳೆದ, ಅವನೇ ಮೆತ್ತಗಿನ ಬಟ್ಟೆಯಿಂದ ಒತ್ತಿ ಒರೆಸಿದ, ಅವನೇ ಮುಲಾಮು ಹಚ್ಚಿದ. ಅವಳು ಮುಟ್ಟಲು ಹೋದರೆ ಬೈಯುತ್ತಿದ್ದ. ಹಕ್ಕಳೆ ಕಪ್ಪಗೆ ಕಟ್ಟಿ ಏನೂ ಕಾಣದಿದ್ದಾಗ, ಉದುರಲಿ, ಕೆಳಗೆ ಹೊಸದಾಗಿ ಬರುತ್ತೆ ಎಂದು ಅವಳಿಗೇ ಸಮಾಧಾನ ಹೇಳುತ್ತಿದ್ದ. ಇವತ್ತು ಬೆಳಿಗ್ಗೆ ಕೊನೆಯ ಹಕ್ಕಳೆ ಉದುರಿತು.

"ಏನಂದ್ರು?"

"ಹೆಬ್ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿದ್ರು. ಆಮೇಲೆ ಹೋಗಿ ಮಾತಾಡ್ಕೊಂಡು ಬರ್ತೀನಿ ಅಂತ ಟ್ಯೂಬ್ ಜೇಬಿಗೆ ಹಾಕ್ಕೊಂಡು ಹೊರಟ್ರು."

ಗಂಡ ಕೆಲಸದಲ್ಲೇ ಇದ್ದ. ಒಂಬತ್ತು ಅಂತಸ್ತಿನ ಕಟ್ಟಡದ ನೆಲಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದು, ಎಚ್ಚರಿಕೆಯ ಹಲಗೆ ನಿಲ್ಲಿಸಿ, ಒಳಗೆ ಮಂಡಿಯೂರಿ ಕುಳಿತಿದ್ದ. ಖಾಕಿ ಕಂಡರೂ ಅವನು ಓಡಲು ನೋಡಲಿಲ್ಲ.

"ಬನ್ನಿ," ಎಂದರು ಇನ್‌ಸ್ಪೆಕ್ಟರ್.

"ಬಾಗಿಲಿನ ಲಾಕ್ ಬಿಚ್ಚಿದೀನಿ ಸಾರ್. ಹೀಗೇ ಬಿಟ್ಟರೆ ಯಾರಾದ್ರೂ ಹತ್ತಿಬಿಡ್ತಾರೆ. ಜೋಡಿಸಿ ಬರ್ತೀನಿ."

ಗಡಿಯಾರಣ್ಣ ಸಾಹೇಬರ ಮುಖ ನೋಡಿದರು. ಇನ್‌ಸ್ಪೆಕ್ಟರ್ ತಲೆಯಾಡಿಸಿದರು. ಆರೋಪಿ ಒಂದೊಂದೇ ನಟ್ಟು ಬಿಗಿದು, ಲಿಫ್ಟನ್ನು ಮೇಲೆ ಕಳಿಸಿ ಕೆಳಗೆ ತರಿಸಿ ನೋಡಿ, ಕೈ ಒರೆಸಿಕೊಂಡು ಎದ್ದು ನಿಂತ. ಒಂದು ಗಂಟೆ ಐವತ್ತಕ್ಕೆ ದಸ್ತಗಿರಿಯಾಯಿತು. ಗಡಿಯಾರಣ್ಣ ಅದನ್ನು ಬರೆದುಕೊಳ್ಳಲು ಮರೆತರು, ಜೀಪಿನಲ್ಲಿ ಇನ್‌ಸ್ಪೆಕ್ಟರೇ ನೆನಪಿಸಿದರು.

ಠಾಣೆಯಲ್ಲಿ ವಿಚಾರಣೆ ಬಹಳ ಹೊತ್ತು ನಡೆಯಲಿಲ್ಲ.

"ಹೊಡೆದಿದ್ದು ನೀನೇನಾ?"

"ಹೌದು."

"ಹೊಡೀಲಿಕ್ಕೇ ಹೋಗಿದ್ದೆಯಾ?"

"ಇಲ್ಲ ಸಾರ್. ವಾಪಸ್ ತೆಗೆಯೋಕಾಗುತ್ತಾ ಅಂತ ಕೇಳೋಕೆ ಹೋಗಿದ್ದೆ. ಆಗಲ್ಲ ಅಂದ. ಮೇಲಿನ ಬಣ್ಣ ತೆಗೆದ್ರೆ ಕೆಳಗಿಂದೂ ಹೋಗುತ್ತೆ ಅಂದ. ನಾನು ಅತ್ತೆ. ಅವನು ನೀರು ಕೊಟ್ಟ."

"ಮತ್ತೆ?"

"ಸಮಾಧಾನ ಮಾಡೋಕೆ ಹೇಳಿದ. ಬೇಜಾರು ಮಾಡ್ಕೋಬೇಡಿ ಅಣ್ಣಾ, ಅದು ವಕ್ರವಕ್ರ ಇತ್ತು, ನಿಮ್ಮ ಕೈ ಮೇಲೆ ಅದಕ್ಕಿಂತ ಚೆನ್ನಾಗಿ ನಾನೇ ಬರೆದುಕೊಡ್ತೀನಿ ಅಂದ." ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಅದಕ್ಕಿಂತ ಚೆನ್ನಾಗಿ ಅಂದ ಸಾರ್. ದೀಪ ಯಾವಾಗ ಕೈಗೆ ಬಂತೋ ಗೊತ್ತಿಲ್ಲ."

ಸಂಜೆ ನಾಲ್ಕರ ಸುಮಾರಿಗೆ ಆಸ್ಪತ್ರೆಯಿಂದ ಮಹಿಳಾ ಕಾನ್‌ಸ್ಟೆಬಲ್ ಫೋನ್ ಮಾಡಿದಳು. ಗಾಯಾಳುವಿಗೆ ಪ್ರಜ್ಞೆ ಬಂದಿದೆ, ಜೀವಕ್ಕೆ ಅಪಾಯವಿಲ್ಲ. ಹೊಡೆತಕ್ಕೆ ಅಡ್ಡ ಹಿಡಿದ ಬಲಗೈಯ ಮೂರು ಬೆರಳು ಮುರಿದಿವೆ, ಮತ್ತೆ ಸೂಜಿ ಹಿಡಿಯುವುದು ಡಾಕ್ಟರಿಗೂ ಅನುಮಾನ. ಅಕ್ಕ ಹತ್ತಿರ ಕುಳಿತು ಆ ಕೈಯನ್ನೇ ನೋಡುತ್ತಿದ್ದಾಳೆ. ಅವನ ಹೇಳಿಕೆ ಆರೋಪಿಯ ಮಾತಿಗೆ ಸರಿಯಾಗಿ ಹೊಂದುತ್ತಿತ್ತು. ಕೊನೆಯಲ್ಲಿ ಅವನು ಒಂದು ಮಾತು ಸೇರಿಸಿದ್ದ: ಗೋಡೆಯ ಮೇಲಿನ ಫೋಟೊ ಕೇಳಿದ್ದರೆ ನಾನೇ ಬಿಡಿಸಿ ಕೊಡುತ್ತಿದ್ದೆ.

ಇನ್‌ಸ್ಪೆಕ್ಟರ್ ಅದನ್ನು ಆರೋಪಿಗೆ ಹೇಳಿದರು. ಬೆರಳಿನ ವಿಷಯವನ್ನೂ ಹೇಳಿದರು. ಅವನು ಅಂಗಿಯ ಜೇಬಿಗೆ ಕೈಹಾಕಿ, ಮೂಲೆ ಹರಿದ ಫೋಟೊವನ್ನು ಮೇಜಿನ ಮೇಲಿಟ್ಟ. ಪಂಚರ ಸಮಕ್ಷಮ ಅದನ್ನು ವಶಪಡಿಸಿಕೊಂಡು ಲಕೋಟೆಯಲ್ಲಿಟ್ಟು ಅರಗು ಹಾಕಬೇಕಿತ್ತು. ಕೇಸು ಮುಗಿಯುವವರೆಗೆ ಅದು ಮುದ್ದೆಮಾಲು. ಯಾರ ಕೈಗೂ ಸಿಗುವುದಿಲ್ಲ.

ಗಡಿಯಾರಣ್ಣ ಪಂಚನಾಮೆ ಬರೆಯತೊಡಗಿದರು. "ಒಂದು ಬಣ್ಣದ ಫೋಟೊ. ಎಡ ಮೂಲೆ ಹರಿದಿದೆ. ಹೆಂಗಸಿನ ಮಣಿಕಟ್ಟಿನ ಮೇಲೆ ಹಚ್ಚೆ. ಒಂದು ದುಂಡು... ಕೆಳಗೆ ಎರಡು ಉದ್ದ ಗೆರೆ... ಪಕ್ಕದಲ್ಲಿ ಕಡ್ಡಿ ಥರ..."

ಅವರು ಪೆನ್ನು ನಿಲ್ಲಿಸಿದರು. "ಈ ಚಿತ್ರ ಏನು ಅಂತ ಬರೀಲಿ ಸಾರ್?"

ಇನ್‌ಸ್ಪೆಕ್ಟರ್ ಬಾಯಿ ತೆರೆಯುವ ಮುಂಚೆ ಆರೋಪಿ ಹೇಳಿದ.

"ನಾನು ಅಂತ ಬರೀರಿ. ಆ ಕಡ್ಡಿ ನನ್ನ ಸ್ಪ್ಯಾನರು."

ಗಡಿಯಾರಣ್ಣ ಹಾಗೆಯೇ ಬರೆದರು. ಅರಗು ಕರಗುವಷ್ಟು ಹೊತ್ತು ಫೋಟೊ ಮೇಜಿನ ಮೇಲೆ ಇತ್ತು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಹೆಂಡತಿಯನ್ನು ಇನ್‌ಸ್ಪೆಕ್ಟರ್ ಒಳಗೆ ಕರೆಸಿದರು. ಅದು ನಿಯಮದಲ್ಲಿ ಇರಲಿಲ್ಲ. ಅವಳು ಬಂದು ಬಾಗಿಲಲ್ಲಿ ನಿಂತಳು. ಅವನು ಫೋಟೊ ಬಿಟ್ಟು ಕಣ್ಣೆತ್ತಿದ. ಅವಳು ಕೈಯನ್ನು ಹಸಿರು ಅಂಗಿಯ ತೋಳಿನೊಳಗೆ ಮುಚ್ಚಿಕೊಂಡಿದ್ದಳು. ಅವನು ಅವಳ ಮುಖ ನೋಡಿದ.