ತಿಳಿಸಬಾರದ ಫಲಿತಾಂಶ

"ರಕ್ತ ತಗೊಳ್ಳಿ. ಆದ್ರೆ ಅದರಲ್ಲಿ ಏನಿದೆ ಅಂತ ನನಗೆ ಹೇಳ್ಬೇಡಿ," ಎಂದಳು ಅವಳು, ಅಂಗಿಯ ತೋಳು ಮೇಲೇರಿಸುತ್ತಾ.

ಡಾಕ್ಟರ್ ತಲೆಯೆತ್ತಿದ. ಎದುರಿಗೆ ಕೂತವಳ ಕೂದಲಿನ್ನೂ ಒದ್ದೆ, ಕುತ್ತಿಗೆಯ ಬಳಿ ಕ್ಲೋರಿನ್ ವಾಸನೆ. ಈಜು ಕಲಿಸುವ ಕೆಲಸ ಅವಳದು. ಮನೆಯಲ್ಲಿ ಎಲ್ಲರೂ ಅವಳನ್ನು ಮೀನು ಎಂದೇ ಕರೆಯುತ್ತಿದ್ದರು. ಅಜ್ಜಿ, ಸೋದರಮಾವ, ಕೊನೆಗೆ ಅಣ್ಣ, ಎಲ್ಲರೂ ಲ್ಯುಕೇಮಿಯಾದಿಂದಲೇ ಹೋದವರು. ಆ ರಕ್ತದ ಕ್ಯಾನ್ಸರ್ ಯಾವ ಜೀನಿನ ಮೂಲಕ ಇವರ ಮನೆಯಲ್ಲಿ ಹರಿದು ಬರುತ್ತಿದೆ ಎಂದು ಹುಡುಕುವುದೇ ಡಾಕ್ಟರನ ಸಂಶೋಧನೆ. ಅವನಿಗೆ ಹೆಸರು ತಂದ ಪ್ರಬಂಧಗಳೆಲ್ಲ ಹೆಚ್ಚುಕಡಿಮೆ ಈ ಮನೆಯವರ ರಕ್ತದಿಂದಲೇ ಹುಟ್ಟಿದ್ದವು.

"ಹೇಳಲ್ಲ. ನೀವಾಗಿ ಕೇಳದೆ ಹೇಳೋ ಹಾಗೂ ಇಲ್ಲ."

"ಮುಖದಲ್ಲೂ ತೋರಿಸ್ಬಾರ್ದು ಡಾಕ್ಟ್ರೇ."

"ನನ್ನ ಮುಖ ಯಾವಾಗ್ಲೂ ಹೀಗೇ ಇರುತ್ತೆ."

"ಅಯ್ಯೋ ಪಾಪ," ಎಂದು ತುಟಿಯಂಚಲ್ಲೇ ನಕ್ಕಳು.

ಆ ನಗು ಅವನನ್ನು ಬಿಡಲಿಲ್ಲ. ಫಲಿತಾಂಶ ಬಂದ ವಾರವೇ, ನೀರು ಕಂಡರೆ ನಡುಗುವ ಡಾಕ್ಟರ್ ಈಜುಕೊಳದ ಅಂಚಿಗೆ ಬಂದು ನಿಂತಿದ್ದ.

ಅವಳು ಅಂಗೈಯನ್ನು ಅವನ ಬೆನ್ನಡಿಗೆ ಕೊಟ್ಟು ತೇಲಿಸುತ್ತಿದ್ದಳು. "ಭಾರ ಬಿಡು. ನಾನಿದ್ದೀನಲ್ಲ." ಅವನು ಆಕಾಶ ನೋಡುವುದು ಬಿಟ್ಟು ಅವಳ ರೆಪ್ಪೆಯ ಮೇಲಿನ ಹನಿಗಳನ್ನು ನೋಡುತ್ತಿದ್ದ, ಮುಳುಗುತ್ತಿದ್ದ. ಅವಳು ಕಾಲರ್ ಹಿಡಿದ ಹಾಗೆ ಕುತ್ತಿಗೆ ಹಿಡಿದೆತ್ತಿ, "ಬೇಕಂತಲೇ ಮುಳುಗ್ತೀಯಾ," ಎಂದು ಗದರುತ್ತಿದ್ದಳು.

ಬೇಸಿಗೆ ಕಳೆಯುವಷ್ಟರಲ್ಲಿ ಅವಳೇ ಕೇಳಿದಳು. ಕೊಳದ ಮೆಟ್ಟಿಲ ಮೇಲೆ ಒಂದೇ ಟವೆಲ್ ಹೊದ್ದು ಇಬ್ಬರೂ ಕೂತಿದ್ದರು.

"ಮದುವೆ ಆಗೋಣ್ವಾ? ಮಕ್ಕಳು ಮಾತ್ರ ನನ್ನ ಹಾಗೆ ಈಜ್ಬೇಕು, ನಿನ್ನ ಹಾಗೆ ಮುಳುಗ್ಬಾರ್ದು."

ಅವನು ತಕ್ಷಣ ನಗಬೇಕಿತ್ತು. ಒಂದು ಉಸಿರು ತಡವಾಯಿತು. ಉಸಿರು ಕಟ್ಟಿದವರನ್ನು ಗುರುತಿಸುವುದೇ ಅವಳ ಕಸುಬು.

"ಆ ಜೀನು ನನಗೂ ಇದೆ, ಅಲ್ವಾ?"

ಅವನು ನೀರಿನತ್ತ ಮುಖ ತಿರುಗಿಸಿದ.

"ಯಾವಾಗಿಂದ ಗೊತ್ತು?"

"ಇಲ್ಲಿಗೆ ಬರೋಕೆ ಮುಂಚಿನಿಂದ."

"ಗೊತ್ತಿದ್ರೂ ಬಂದ್ಯಾ, ಗೊತ್ತಿದ್ದಿದ್ದಕ್ಕೇ ಬಂದ್ಯಾ?"

"ನಿನ್ನನ್ನ ಪ್ರೀತಿಸ್ತೀನಿ. ಅದು ಸುಳ್ಳಲ್ಲ."

"ನಾನು ಕೇಳಿದ್ದು ಅದಲ್ಲ," ಎಂದು ಟವೆಲನ್ನು ಅವನಿಗೇ ಹೊದಿಸಿ ಹೋದಳು.

ಅತ್ತು ಅತ್ತು ಸಾಕಾದ ಮೇಲೆ ಅವಳೇ ಅವನ ಮನೆ ಬಾಗಿಲಿಗೆ ಬಂದಳು. "ಇರೋದು ಇದ್ಕೊಳ್ಳಲಿ. ಸಿಕ್ಕಷ್ಟು ದಿನ ನಿನ್ನ ಜೊತೆ ಇರ್ತೀನಿ." ಅವನು ಅವಳ ಹೆಗಲಿಗೆ ಮುಖವಿಟ್ಟು ಬಿಕ್ಕಿದ. ಆಮೇಲೆ ತನ್ನ ಸಂಶೋಧನಾ ಸಂಸ್ಥೆಯ ನಿರ್ದೇಶಕಿ ಹಾಕಿದ್ದ ಷರತ್ತು ಹೇಳಿದ. ಸಂಶೋಧನೆಗೆ ರಕ್ತ ಕೊಟ್ಟವಳನ್ನು ಮದುವೆಯಾಗುವುದಾದರೆ ಆ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬೇಕು.

"ಒಪ್ಪಿಸು."

"ದೊಡ್ಡ ಪ್ರಬಂಧ ಒಂದು ಬರೋದಿದೆ. ಅದೊಂದು ಆಗ್ಲಿ, ಆಮೇಲೆ..."

"ನನ್ನ ಹತ್ತಿರ ಆಮೇಲೆ ಅನ್ನೋದು ಎಷ್ಟಿದೆ ಅಂತ ನಿನಗೇ ಚೆನ್ನಾಗಿ ಗೊತ್ತಲ್ವಾ?"

"ಔಷಧಿ ಹುಡುಕ್ತಿರೋದು ನಿನಗೋಸ್ಕರ."

"ಅಣ್ಣನ ಹಾಸಿಗೆ ಪಕ್ಕ ನಿಂತು ನೀನು ಅವನಿಗೂ ಹೀಗೇ ಹೇಳಿದ್ದೆ. ಅವನು ಸತ್ತ, ನಿನ್ನ ಪಟ್ಟೀಲಿ ಇನ್ನೊಂದು ಪ್ರಬಂಧ ಸೇರ್ತು."

ಅವಳು ಹೊರಟಾಗ ಅವನು ಬಾಗಿಲಿಗೆ ಅಡ್ಡ ಬರಲಿಲ್ಲ. ಅವಳಿಗೆ ನೋಡಬೇಕಿದ್ದದ್ದು ಅಷ್ಟೇ.

ಪ್ರಬಂಧ ಬಂತು. ದೇಶದೇಶಗಳಿಂದ ಕರೆಗಳು ಬಂದವು, ಸಭೆಗಳಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಜೀನಿನ ದೋಷವಿದ್ದವರಲ್ಲಿ ಎಷ್ಟು ಜನಕ್ಕೆ ನಿಜವಾಗಿ ಕಾಯಿಲೆ ಬರುತ್ತದೆ ಎನ್ನುವುದು ಮುಂದಿನ ಪ್ರಬಂಧದ ವಿಷಯ. ಅದಕ್ಕೆ ವರ್ಷ ವರ್ಷವೂ ರಕ್ತ ಬೇಕು. ಅಣ್ಣನ ಮಗಳಿಗಾದರೂ ಉಪಯೋಗವಾಗಲಿ ಎಂದು ಮೀನು ಬರುತ್ತಲೇ ಇದ್ದಳು. ಸೂಜಿ ಚುಚ್ಚಲು ಮಾತ್ರ ಬೇರೆಯವರೇ ಆಗಬೇಕು ಎಂದಿದ್ದಳು.

ಒಂದು ಬೆಳಿಗ್ಗೆ ಡಾಕ್ಟರ್ ಸಹಾಯಕನ ಹತ್ತಿರ, "ಕಾಯಿಲೆ ಬಂದ ಇನ್ನೊಂದು ಕೇಸ್ ಸಿಕ್ಕಿದ್ರೆ ಫಲಿತಾಂಶ ಗಟ್ಟಿಯಾಗ್ತಿತ್ತು," ಎಂದು ಹೇಳಿ ಹೊರಗೆ ಬಂದರೆ ಕಾರಿಡಾರಿನಲ್ಲಿ ಅವಳೇ ನಿಂತಿದ್ದಳು, ತೋಳಿಗೆ ಹತ್ತಿ ಒತ್ತಿಕೊಂಡು.

"ಚೆನ್ನಾಗಿದ್ದೀಯಾ?"

"ಇದ್ದೀನಿ. ನನಗಿನ್ನೂ ಏನೂ ಆಗಿಲ್ಲ ಅಂತ ನಿನಗೆ ಬೇಜಾರಾ?"

ಅವನ ಬಾಯಿಂದ 'ಇಲ್ಲ' ಅನ್ನುವ ಮಾತು ಹೊರಡಲಿಲ್ಲ. ಅವಳು ಹತ್ತಿಯನ್ನು ಬುಟ್ಟಿಗೆ ಹಾಕಿ, "ಕ್ಲಾಸಿದೆ, ಬರ್ತೀನಿ," ಎಂದು ಮೆಲ್ಲಗೆ ಹೇಳಿ ಮೆಟ್ಟಿಲಿಳಿದಳು.

ಡಾಕ್ಟರ್ ಒಳಗೆ ಹೋಗಿ, ಅವಳ ರಕ್ತವನ್ನು ಎಲ್ಲರದ್ದಕ್ಕಿಂತ ಮೊದಲು ಯಂತ್ರಕ್ಕಿಟ್ಟ. ಏನೂ ಇಲ್ಲದಿರಲಪ್ಪಾ ಎಂದು ಬೇಡಿಕೊಂಡ. ಬೇಡಿಕೆ ಪೂರ್ತಿ ಮನಸ್ಸಿನದಲ್ಲವೆಂದು ಅವನಿಗೆ ಗೊತ್ತಿತ್ತು.